ಗಡಿ ದಾಟುವ ಮೊದಲ ಡಬ್ಬಿಗೇ ನೋಂದಣಿ ಏಕೆ? ಜಿಎಸ್‌ಟಿ ಮಂಡಳಿಗೊಂದು ಬಹಿರಂಗ ಪತ್ರ

ಜಿಎಸ್‌ಟಿ ಮಂಡಳಿಯ ಅಧ್ಯಕ್ಷರೂ ಕೇಂದ್ರ ಹಣಕಾಸು ಸಚಿವರೂ ಆದ ಶ್ರೀಮತಿ ನಿರ್ಮಲಾ ಸೀತಾರಾಮನ್ ಅವರಿಗೆ ಮತ್ತು ಮಂಡಳಿಯ ಸದಸ್ಯರಾದ ಎಲ್ಲ ರಾಜ್ಯಗಳ ಸಚಿವರಿಗೆ,

ನಮಸ್ಕಾರ.

2025ರ ಸೆಪ್ಟೆಂಬರ್ 3ರಂದು ನಡೆದ ಮಂಡಳಿಯ 56ನೇ ಸಭೆಯನ್ನು ಜನ ನೆನಪಿಟ್ಟುಕೊಂಡಿರುವುದು ತೆರಿಗೆ ದರ ಇಳಿದದ್ದಕ್ಕೆ. ಅದೇ ಸಭೆಯಲ್ಲಿ ತಾವು ಇನ್ನೊಂದು ವಿಷಯಕ್ಕೂ ತಾತ್ವಿಕ ಒಪ್ಪಿಗೆ ಕೊಟ್ಟಿರಿ. ಆನ್‌ಲೈನ್ ಮಾರುಕಟ್ಟೆ ತಾಣಗಳ ಮೂಲಕ ಹಲವು ರಾಜ್ಯಗಳಿಗೆ ಸರಕು ಮಾರುವ ಸಣ್ಣ ವ್ಯಾಪಾರಿಗಳಿಗೆ ಪ್ರತಿ ರಾಜ್ಯದಲ್ಲೂ ವ್ಯಾಪಾರದ ವಿಳಾಸ ಇಟ್ಟುಕೊಳ್ಳುವುದು ಕಷ್ಟವಾಗುತ್ತಿದೆ, ಅವರಿಗೊಂದು ಸರಳ ನೋಂದಣಿ ಪದ್ಧತಿ ಬೇಕು ಎಂದಿರಿ. ಅದರ ವಿವರಗಳನ್ನು ಮುಂದೆ ಮಂಡಳಿಯ ಎದುರು ಇಡಲಾಗುವುದು ಎಂದೂ ಪ್ರಕಟಣೆಯಲ್ಲಿತ್ತು. ಪತ್ರಿಕೆಗಳಲ್ಲಿ ಇದಕ್ಕೆ ಸಿಕ್ಕ ಜಾಗ ಅಷ್ಟಕ್ಕಷ್ಟೆ. ನನ್ನಂಥವರಿಗೆ ಮಾತ್ರ ಆ ದಿನದ ದೊಡ್ಡ ಸುದ್ದಿ ಅದೇ ಆಗಿತ್ತು. ಆ ವಿವರಗಳು ಹೇಗಿರಬೇಕು ಎಂಬ ಬಗ್ಗೆ ಈ ಪತ್ರ.

ನಾನು ಶಿರಸಿಯಲ್ಲಿ ತೆರಿಗೆ ಸಲಹೆಗಾರ. ಅಡಿಕೆ ವ್ಯಾಪಾರಿಗಳ, ಕಿರಾಣಿ ಅಂಗಡಿಯವರ ತೆರಿಗೆ ಲೆಕ್ಕದ ರಿಟರ್ನ್ ತುಂಬುವುದೇ ಮೊದಲಿನಿಂದ ನನ್ನ ಕೆಲಸ. ಈಚಿನ ವರ್ಷಗಳಲ್ಲಿ ಬೇರೊಂದು ಬಗೆಯವರು ಕಚೇರಿಗೆ ಬರತೊಡಗಿದ್ದಾರೆ. ಮನೆಯಲ್ಲೇ ಅಪ್ಪೆಮಿಡಿ ಉಪ್ಪಿನಕಾಯಿ ಹಾಕುವವರು, ಹಲಸಿನಕಾಯಿ ಹಪ್ಪಳ ಮಾಡುವವರು, ತೊಡದೇವು ಎಂಬ ತೆಳು ಸಿಹಿತಿಂಡಿ ಎರೆಯುವವರು. ಹೆಚ್ಚಿನವರು ಹೆಂಗಸರು. ಮೊದಲು ನೆಂಟರಿಷ್ಟರಿಗೆ ಕಳಿಸುತ್ತಿದ್ದರು, ಆಮೇಲೆ ನೆಂಟರ ಪಕ್ಕದ ಮನೆಯವರು ಕೇಳಿದರು, ಆಮೇಲೆ ವಾಟ್ಸಾಪ್‌ನಲ್ಲಿ ಗುರುತಿಲ್ಲದವರೂ ಕೇಳತೊಡಗಿದರು. ಪುಣೆ, ಚೆನ್ನೈ, ಹೈದರಾಬಾದ್, ಗುರುಗ್ರಾಮ, ಎಲ್ಲೆಲ್ಲಿ ನಮ್ಮ ಮಕ್ಕಳು ಕೆಲಸಕ್ಕೆ ಹೋಗಿದ್ದಾರೋ ಅಲ್ಲಿಂದೆಲ್ಲ ಆರ್ಡರ್. ಇಲ್ಲಿಂದಲೇ ತೊಡಕು ಶುರು.

ಕರ್ನಾಟಕದ ಒಳಗೆ ಸರಕನ್ನಷ್ಟೇ ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ರೂಪಾಯಿ ದಾಟುವವರೆಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. 2019ರ ಏಪ್ರಿಲ್ 1ರಿಂದ ಈ ಮಿತಿ ಜಾರಿಯಲ್ಲಿದೆ. ಆದರೆ ಕೇಂದ್ರ ಜಿಎಸ್‌ಟಿ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ, ತೆರಿಗೆ ಇರುವ ಸರಕನ್ನು ಹೊರರಾಜ್ಯಕ್ಕೆ ಮಾರಿದರೆ ಆ ಮಿತಿಯ ಲೆಕ್ಕವೇ ಇಲ್ಲ. ಮುನ್ನೂರು ರೂಪಾಯಿಯ ಒಂದು ಡಬ್ಬಿ ಹೋದರೂ ನೋಂದಣಿ ಕಡ್ಡಾಯ. ಇದರ ಫಲ ಏನೆಂದು ನಕ್ಷೆಯ ಮೇಲೆ ನೋಡಿದರೆ ತಿಳಿಯುತ್ತದೆ. ಮಂಗಳೂರಿನವರು ರಾಜ್ಯದ ಇನ್ನೊಂದು ತುದಿಯ ಬೀದರಿಗೆ ಎಷ್ಟು ಡಬ್ಬಿ ಬೇಕಾದರೂ ಕಳಿಸಬಹುದು. ತಲಪಾಡಿಯ ಗಡಿ ದಾಟಿ, ತಮ್ಮಿಂದ ಐವತ್ತು ಕಿಲೋಮೀಟರ್ ದೂರದ ಕಾಸರಗೋಡಿಗೆ, ಅದೇ ತುಳು, ಅದೇ ಕನ್ನಡ ಮಾತಾಡುವ ಮನೆಗೆ, ಒಂದು ಡಬ್ಬಿ ಕಳಿಸುವಂತಿಲ್ಲ. ಆನೇಕಲ್‌ನವರಿಗೆ ಹೊಸೂರು, ಬೆಳಗಾವಿಯವರಿಗೆ ಕೊಲ್ಹಾಪುರ, ಬಳ್ಳಾರಿಯವರಿಗೆ ಅನಂತಪುರ, ಎಲ್ಲರದೂ ಇದೇ ಕತೆ. ಗಡಿಯ ಊರುಗಳ ಸಂತೆಗೆ ಎರಡೂ ಕಡೆಯ ಜನ ಬರುತ್ತಾರೆ. ಆನ್‌ಲೈನ್ ಸಂತೆಗೆ ಮಾತ್ರ ನಡುವೆ ಬೇಲಿ.

ಹಪ್ಪಳಕ್ಕೆ ಜಿಎಸ್‌ಟಿ ಇಲ್ಲ. ಹಾಗಾಗಿ ಹಪ್ಪಳವನ್ನಷ್ಟೇ ಮಾರುವಾಕೆ ನೋಂದಣಿ ಇಲ್ಲದೆಯೇ ಕಾಶ್ಮೀರದವರೆಗೂ ಕಳಿಸಬಹುದು. ಅದೇ ಪೆಟ್ಟಿಗೆಯಲ್ಲಿ ಒಂದು ಡಬ್ಬಿ ಅಪ್ಪೆಮಿಡಿ ಸೇರಿಸಿದಳೋ, ಆಕೆಗೆ ನೋಂದಣಿ ಬೇಕು. ಒಮ್ಮೆ ನೋಂದಣಿಯಾದರೆ ಮುಂದೆ ಶಿರಸಿ ಪೇಟೆಯ ಅಂಗಡಿಗೆ ಕೊಡುವ ಉಪ್ಪಿನಕಾಯಿಯ ಮೇಲೂ ತೆರಿಗೆ ಹಾಕಬೇಕು, ಏಕೆಂದರೆ ನೋಂದಣಿ ಆಗುವುದು ವ್ಯಾಪಾರಕ್ಕೆ, ಒಂದು ಪಾರ್ಸೆಲ್ಲಿಗಲ್ಲ. ಪಕ್ಕದ ಮನೆಯಾಕೆ ಅದೇ ಉಪ್ಪಿನಕಾಯಿಯನ್ನು ಅದೇ ಅಂಗಡಿಗೆ ತೆರಿಗೆ ಇಲ್ಲದೆ ಕೊಡುತ್ತಿರುತ್ತಾಳೆ. ಪುಣೆಯ ನಾಲ್ಕು ಆರ್ಡರ್ ಒಪ್ಪಿಕೊಂಡವಳು ಊರೊಳಗಿನ ವ್ಯಾಪಾರವನ್ನೇ ಕಳೆದುಕೊಳ್ಳುವ ಸ್ಥಿತಿ. ಇದನ್ನು ಬಿಡಿಸಿ ಹೇಳಿದಾಗ ಒಬ್ಬರು ಕೇಳಿದ್ದು: "ಹಾಗಾದ್ರೆ ಅಣ್ಣ, ಹೊರಗಿನವ್ರಿಗೆ ಇಲ್ಲ ಅನ್ನೋದೇ ಚಲೋದಾ?" ಹೌದು ಎನ್ನಬೇಕಾಯಿತು. ಆಕೆಯ ವರ್ಷದ ವಹಿವಾಟು ಐದು ಲಕ್ಷವೂ ಇರಲಿಲ್ಲ. ಗಿರಾಕಿಯನ್ನು ಬೇಡವೆನ್ನಿ ಎಂದು ದುಡಿಯುವ ಹೆಣ್ಣುಮಗಳಿಗೆ ಹೇಳುವುದು ನನ್ನ ಕೆಲಸದಲ್ಲಿ ನನಗೆ ತೀರಾ ಸಂಕಟ ಕೊಡುವ ಮಾತು.

ನೋಂದಣಿ ಮಾಡಿಸಿಕೊಳ್ಳಲಿ, ಅದಕ್ಕೇನು ಶುಲ್ಕವೂ ಇಲ್ಲವಲ್ಲ ಎಂದು ಅಧಿಕಾರಿಗಳು ಹೇಳುವುದುಂಟು. ಮಾತು ನಿಜ. ಆದರೆ ಮನೆಯಿಂದ ನಡೆಯುವ ವ್ಯಾಪಾರಕ್ಕೆ ವಿಳಾಸದ ದಾಖಲೆ ಕೊಡುವಾಗ ಆಗುವುದನ್ನು ಕೇಳಿ. ಹಳ್ಳಿಮನೆಯ ಕರೆಂಟ್ ಬಿಲ್ಲು ಬಹಳ ಸಲ ತೀರಿಹೋದ ಮಾವನ ಹೆಸರಿನಲ್ಲಿರುತ್ತದೆ. ಮನೆ ಇನ್ನೂ ಅಣ್ಣತಮ್ಮಂದಿರ ನಡುವೆ ಪಾಲಾಗಿರುವುದಿಲ್ಲ. ಎಲ್ಲರಿಂದ ಒಪ್ಪಿಗೆ ಪತ್ರ ಬರೆಸಿಕೊಳ್ಳಲು ಹೊರಟರೆ, ಮನೆಯ ಮೇಲೆ ಇದೇನೋ ಸರ್ಕಾರದ ಕಾಗದ ಮಾಡಿಸುತ್ತಿದ್ದಾಳೆ ಎಂದು ಮೈದುನ ಸಹಿ ಹಾಕಲು ಹಿಂದೆಮುಂದೆ ನೋಡುತ್ತಾನೆ. ನೋಂದಣಿಯಾದ ಮೇಲೆ ಪ್ರಮಾಣಪತ್ರವನ್ನು ವ್ಯಾಪಾರದ ಸ್ಥಳದಲ್ಲಿ ಕಾಣುವಂತೆ ತೂಗುಹಾಕಬೇಕು, ಬಾಗಿಲ ಫಲಕದ ಮೇಲೆ ಸಂಖ್ಯೆ ಬರೆಸಬೇಕು. ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ನಡೆಯುವ ವ್ಯಾಪಾರ ಇದು. ಬೇಡದ ದಾಖಲೆ ಕೇಳಬೇಡಿ ಎಂದು ಕೇಂದ್ರ ಪರೋಕ್ಷ ತೆರಿಗೆ ಮಂಡಳಿ 2025ರ ಏಪ್ರಿಲ್‌ನಲ್ಲಿ ಅಧಿಕಾರಿಗಳಿಗೆ ಸೂಚನೆ ಕೊಟ್ಟಿತು, ಅದರಿಂದ ಅನುಕೂಲವೂ ಆಯಿತು. ಅದೇ ನವೆಂಬರ್ 1ರಿಂದ ಅರ್ಹರಾದ ಸಣ್ಣವರಿಗೆ ಮೂರು ಕೆಲಸದ ದಿನಗಳಲ್ಲಿ ನೋಂದಣಿ ಕೊಡುವ ಏರ್ಪಾಡೂ ಬಂತು. ಇವಕ್ಕೆ ನಾನು ಮನಸಾರೆ ಕೃತಜ್ಞ. ಆದರೂ ನೋಂದಣಿ ಬೇಗ ಸಿಗುವುದು ಬೇರೆ, ನೋಂದಣಿಯೇ ಬೇಕಿಲ್ಲದಿರುವುದು ಬೇರೆ. ನೋಂದಣಿ ಆದಮೇಲಿನ ಬಾಳು ರಿಟರ್ನಿನದು. ಆ ತಿಂಗಳು ಒಂದು ಡಬ್ಬಿಯೂ ಮಾರಾಟವಾಗದಿದ್ದರೂ ಶೂನ್ಯ ರಿಟರ್ನ್ ಹಾಕಬೇಕು, ತಡವಾದರೆ ದಿನಕ್ಕೆ 20 ರೂಪಾಯಿ ದಂಡ. ಮಾರಾಟ ಇದ್ದರೆ ದಿನಕ್ಕೆ 50. ಅಪ್ಪೆಮಿಡಿಯ ವ್ಯಾಪಾರ ವರ್ಷದಲ್ಲಿ ಕೆಲವು ತಿಂಗಳು ಮಾತ್ರ. ರಿಟರ್ನಿಗೆ ಹಂಗಾಮಿಲ್ಲ.

ಆನ್‌ಲೈನ್ ತಾಣದಲ್ಲಿ ಮಾರುವವರ ಲೆಕ್ಕ ಇನ್ನಷ್ಟು ಸೂಕ್ಷ್ಮ. ವಾರಕ್ಕೊಮ್ಮೆ ಬರುವ ಪಾವತಿ ಪಟ್ಟಿಯಲ್ಲಿ ಒಂದೊಂದು ಆರ್ಡರಿಗೂ ಒಂದು ಸಾಲು: ಮಾರಾಟದ ಬೆಲೆ, ತಾಣದ ಕಮಿಷನ್, ಸಾಗಣೆ, ಅವುಗಳ ಮೇಲೆ ಶೇ 18 ಜಿಎಸ್‌ಟಿ, ಮೂಲದಲ್ಲೇ ಹಿಡಿದ ತೆರಿಗೆ. ಈ ಕೊನೆಯದು ಟಿಸಿಎಸ್. 2018ರ ಅಕ್ಟೋಬರ್‌ನಲ್ಲಿ ಶೇ 1ರಂತೆ ಶುರುವಾಗಿ 2024ರ ಜುಲೈ 10ರಿಂದ ಅರ್ಧಕ್ಕೆ ಇಳಿದಿದೆ. ಮಾರ್ಚ್‌ನಲ್ಲಿ ದೆಹಲಿಗೆ ಹೋದ ಡಬ್ಬಿ ಮುಚ್ಚಳ ಸೋರಿತೆಂದು ಏಪ್ರಿಲ್‌ನಲ್ಲಿ ವಾಪಸ್ ಬರುತ್ತದೆ. ಮಾರಾಟ ಒಂದು ವರ್ಷದ ಲೆಕ್ಕದಲ್ಲಿ, ವಾಪಸಾತಿ ಇನ್ನೊಂದು ವರ್ಷದ ಲೆಕ್ಕದಲ್ಲಿ. ಯಾವ ರಾಜ್ಯಕ್ಕೆ ಎಷ್ಟು ಹೋಯಿತು, ಎಷ್ಟು ತಿರುಗಿ ಬಂತು ಎಂದು ರಾಜ್ಯವಾರು ಕೂಡಿಸಿ ತುಂಬಬೇಕು. ತಾಣ ಹಾಕಿದ ರಿಟರ್ನಿಗೂ ನಾವು ಹಾಕಿದ್ದಕ್ಕೂ ತಾಳೆಯಾಗದಿದ್ದರೆ ವಿವರಣೆ ಕೊಡಬೇಕಾದವರು ನಾವು. ಈ ಕೆಲಸಕ್ಕೆ ನಾನು ಪಡೆಯುವ ಶುಲ್ಕವೇ ಕೆಲವರ ಲಾಭದ ದೊಡ್ಡ ಪಾಲು ತಿನ್ನುತ್ತದೆ. ನನ್ನ ಆದಾಯ ಕಡಿಮೆಯಾಗುವ ಸುಧಾರಣೆಯನ್ನೇ ನಾನು ಕೇಳುತ್ತಿದ್ದೇನೆ ಎಂಬುದನ್ನು ತಾವು ಗಮನಿಸಬೇಕು.

2023ರ ಅಕ್ಟೋಬರ್ 1ರಂದು ಮಂಡಳಿ ಅರ್ಧ ಬಾಗಿಲು ತೆರೆಯಿತು. ಮಿತಿಯೊಳಗಿನ ವಹಿವಾಟಿನವರು ನೋಂದಣಿ ಇಲ್ಲದೆ, ಪ್ಯಾನ್ ಆಧಾರದ ಒಂದು ದಾಖಲಾತಿ ಸಂಖ್ಯೆ ಪಡೆದು ತಾಣಗಳಲ್ಲಿ ಮಾರಬಹುದು ಎಂದಾಯಿತು. ಷರತ್ತು: ತಮ್ಮ ರಾಜ್ಯದೊಳಗೆ ಮಾತ್ರ. ರಾಜಿ ತೆರಿಗೆಯವರಿಗೂ, ಅಂದರೆ ಒಂದೂವರೆ ಕೋಟಿಯೊಳಗಿನ ವಹಿವಾಟಿಗೆ ಶೇ 1 ತೆರಿಗೆ ಕಟ್ಟಿ ಮೂರು ತಿಂಗಳಿಗೊಮ್ಮೆ ಲೆಕ್ಕ ಮುಗಿಸುವವರಿಗೂ, ಅಂದಿನಿಂದ ತಾಣಗಳಲ್ಲಿ ಮಾರಲು ಅವಕಾಶ ಸಿಕ್ಕಿತು. ಅಲ್ಲೂ ಅದೇ ಷರತ್ತು. ಆನ್‌ಲೈನ್ ಮಾರಾಟದ ಮುಖ್ಯ ಪ್ರಯೋಜನವೇ ದೂರದ ಗಿರಾಕಿ. ಶಿರಸಿಯವರು ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಮಾರಲು ತಾಣಕ್ಕೆ ಕಮಿಷನ್ ಏಕೆ ಕೊಡಬೇಕು?

ಹೊರರಾಜ್ಯಕ್ಕೆ ಮಿತಿ ಕೊಟ್ಟರೆ ವ್ಯವಸ್ಥೆ ಕುಸಿಯುತ್ತದೆ ಎಂಬ ಭಯ ಇದ್ದರೆ, ಮಂಡಳಿಯೇ ಕೊಟ್ಟ ವಿನಾಯಿತಿಗಳನ್ನು ನೆನಪಿಸುತ್ತೇನೆ. 2017ರ ಅಕ್ಟೋಬರ್‌ನಲ್ಲೇ ಸೇವೆ ಒದಗಿಸುವವರಿಗೆ 20 ಲಕ್ಷದವರೆಗೆ ಹೊರರಾಜ್ಯದ ವ್ಯವಹಾರಕ್ಕೂ ನೋಂದಣಿ ಬೇಡವೆಂದಿರಿ. ಶಿರಸಿಯಲ್ಲಿ ಕೂತು ಮುಂಬೈ ಕಂಪನಿಗೆ ಚಿತ್ರ ಬರೆದುಕೊಡುವ ಹುಡುಗನಿಗೆ ಈ ಸೌಲಭ್ಯವಿದೆ. ಅವನ ತಾಯಿ ಮುಂಬೈಗೆ ಉಪ್ಪಿನಕಾಯಿ ಕಳಿಸಿದರೆ ಇಲ್ಲ. ಕರಕುಶಲ ವಸ್ತುಗಳಿಗೂ ವಿನಾಯಿತಿ ಇದೆ. ನಮ್ಮ ಚನ್ನಪಟ್ಟಣದ ಗೊಂಬೆಗಳು ಆ ಪಟ್ಟಿಯಲ್ಲಿವೆ. ಆದರೆ ಅದಕ್ಕೆ ಜೋಡಿಸಿದ ಷರತ್ತು ನೋಡಿ: ಬೇರೆಯವರಿಗೆ ಸಾಮಾನ್ಯವಾಗಿ 50 ಸಾವಿರ ರೂಪಾಯಿ ಮೀರಿದ ಸರಕಿಗೆ ಬೇಕಾಗುವ ಇ-ವೇ ಬಿಲ್ಲು ಎಂಬ ಸಾಗಣೆ ದಾಖಲೆ, ಈ ವಿನಾಯಿತಿ ಪಡೆದ ಕುಶಲಕರ್ಮಿಗೆ ಬೆಲೆ ಎಷ್ಟೇ ಇದ್ದರೂ ಬೇಕು. ನಾನೂರು ರೂಪಾಯಿಯ ಗೊಂಬೆಯೊಂದು ಕೃಷ್ಣಗಿರಿಗೆ ಹೋಗಲು ಇ-ವೇ ಬಿಲ್ಲು ತೆಗೆಯಬೇಕು. ಕೈಯಿಂದ ಬಣ್ಣ ಹಚ್ಚಿದ್ದು ಕರಕುಶಲ, ಕೈಯಿಂದ ಮಿಡಿ ಆಯ್ದು ಉಪ್ಪಿನಲ್ಲಿ ಹಾಕಿ ತಿಂಗಳುಗಟ್ಟಲೆ ಕಾದದ್ದು ಅಲ್ಲ ಎಂಬ ವಿಂಗಡಣೆಯೂ ನನಗೆ ಸರಿ ಕಾಣುವುದಿಲ್ಲ.

ಸೆಕ್ಷನ್ 24ರ ಈ ಬಿಗಿ ಎಲ್ಲಿಂದ ಬಂತು? 1956ರ ಕೇಂದ್ರ ಮಾರಾಟ ತೆರಿಗೆ ಕಾಯ್ದೆಯಲ್ಲೂ ಅಂತರರಾಜ್ಯ ಮಾರಾಟಕ್ಕೆ ಕನಿಷ್ಠ ಮಿತಿ ಇರಲಿಲ್ಲ. ರಿಯಾಯಿತಿ ದರಕ್ಕೆ ಬೇಕಿದ್ದ ಸಿ-ಫಾರಂ, ಪ್ರವೇಶ ತೆರಿಗೆ, ಚೆಕ್‌ಪೋಸ್ಟ್‌ಗಳ ಕಾಲ ಅದು. ಗಡಿ ದಾಟುವವನು ದೊಡ್ಡ ವರ್ತಕನೇ ಎಂದು ಊಹಿಸಿದ್ದರೆ ಆಗ ತಪ್ಪೇನೂ ಇರಲಿಲ್ಲ. 2017ರ ಜುಲೈ 1ರಂದು ಒಂದು ದೇಶ, ಒಂದು ತೆರಿಗೆ, ಒಂದು ಮಾರುಕಟ್ಟೆ ಎಂದು ಜಿಎಸ್‌ಟಿ ತಂದಿರಿ. ಚೆಕ್‌ಪೋಸ್ಟ್ ಹೋದವು. ಅಂತರರಾಜ್ಯ ವಹಿವಾಟಿನ ಜಿಎಸ್‌ಟಿಯಾದ ಐಜಿಎಸ್‌ಟಿ ಬಂದು ತೆರಿಗೆ ಕೊಳ್ಳುವವರ ರಾಜ್ಯಕ್ಕೆ ತಾನಾಗಿ ತಲುಪುವ ದಾರಿಯೂ ಆಯಿತು. ನೋಂದಣಿಯ ಗೆರೆ ಮಾತ್ರ 1956ರ ಜಾಗದಲ್ಲೇ ಉಳಿಯಿತು.

ಇನ್ನು ಗೋದಾಮಿನ ವಿಷಯ. 56ನೇ ಸಭೆಯ ನಿರ್ಣಯ ನೇರವಾಗಿ ಮುಟ್ಟುವುದು ಇದನ್ನೇ. ತಾಣದ ಗೋದಾಮಿನಲ್ಲಿ ಸರಕು ಇಟ್ಟರೆ ಗಿರಾಕಿಗೆ ಬೇಗ ತಲುಪುತ್ತದೆ, ಬೇಗ ತಲುಪುವ ಸರಕು ಮೊದಲು ಕಣ್ಣಿಗೆ ಬೀಳುತ್ತದೆ. ಹಾಗಾಗಿ ಸ್ವಲ್ಪ ಬೆಳೆದವರು ಮಹಾರಾಷ್ಟ್ರದ ಭಿವಂಡಿಯಂಥ ಕಡೆ ಸರಕು ಇಡಲು ಬಯಸುತ್ತಾರೆ. ಇಟ್ಟ ಕೂಡಲೇ ಮಹಾರಾಷ್ಟ್ರದಲ್ಲಿ ಬೇರೆ ನೋಂದಣಿ ಬೇಕು. ಒಂದೇ ಪ್ಯಾನ್, ಒಬ್ಬಳೇ ಹೆಂಗಸು, ಆದರೂ ಕಾನೂನಿನ ಕಣ್ಣಿಗೆ ಎರಡು ಬೇರೆ ಬೇರೆ ವ್ಯಕ್ತಿಗಳು. ತನ್ನದೇ ಸರಕನ್ನು ಇಲ್ಲಿಂದ ಅಲ್ಲಿಗೆ ಸಾಗಿಸಿದರೂ ಅದು ಪೂರೈಕೆ, ಅದರ ಮೇಲೆ ಐಜಿಎಸ್‌ಟಿ. ಆ ತೆರಿಗೆಯ ಕ್ರೆಡಿಟ್, ಅಂದರೆ ಮುಂದೆ ಕಟ್ಟುವ ತೆರಿಗೆಯಲ್ಲಿ ಅದನ್ನು ಕಳೆದುಕೊಳ್ಳುವ ಅವಕಾಶ, ಅಲ್ಲಿ ಸಿಗುತ್ತದೆ ನಿಜ, ಆದರೆ ಸರಕು ಮಾರಾಟವಾಗುವವರೆಗೆ ದುಡ್ಡು ಸಿಕ್ಕಿಬೀಳುತ್ತದೆ. ರಾಜ್ಯಕ್ಕೊಂದು ಲೆಡ್ಜರ್, ರಾಜ್ಯಕ್ಕೊಂದು ರಿಟರ್ನ್. ನನ್ನ ಕಕ್ಷಿದಾರರೊಬ್ಬರಿಗೆ ಹೀಗೆ ಹೊರರಾಜ್ಯದ ಕಚೇರಿಯೊಂದರಿಂದ ನೋಟಿಸ್ ಬಂತು. ಕಾಣದ ಊರು, ಬಾರದ ಭಾಷೆ, ಉತ್ತರಕ್ಕೆ ಏಳು ದಿನ. ಕೇಳಿದ್ದು ಏನೆಂದರೆ, ಗೋದಾಮಿನಲ್ಲಿ ಅವರ ಹೆಸರಿನ ಫಲಕ ಏಕಿಲ್ಲ ಎಂದು. ಸಾವಿರಾರು ಮಾರಾಟಗಾರರ ಪೆಟ್ಟಿಗೆಗಳಿರುವ ಗೋದಾಮಿನಲ್ಲಿ ಒಬ್ಬೊಬ್ಬರದೂ ಒಂದೊಂದು ಫಲಕ ಎಲ್ಲಿ ಹಾಕುವುದು? ಅವರು ಆ ನೋಂದಣಿಯನ್ನೇ ರದ್ದು ಮಾಡಿಸಿದರು. ರದ್ದಾದ ಮೇಲೂ ಅಂತಿಮ ರಿಟರ್ನ್ ಎಂಬ ಇನ್ನೊಂದು ಇತ್ತು.

ಇದು ಹೊಸ ಜಗಳವೂ ಅಲ್ಲ. 2014ರಲ್ಲಿ, ಜಿಎಸ್‌ಟಿಗೆ ಮುಂಚಿನ ವ್ಯಾಟ್ ತೆರಿಗೆಯ ಕಾಲದಲ್ಲಿ, ದೊಡ್ಡ ಆನ್‌ಲೈನ್ ಕಂಪನಿಯೊಂದರ ಗೋದಾಮನ್ನು ತಮ್ಮ ಹೆಚ್ಚುವರಿ ವ್ಯಾಪಾರ ಸ್ಥಳವೆಂದು ತೋರಿಸಿದ ಮಾರಾಟಗಾರರಿಗೂ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಗೂ ಇದೇ ವಿಷಯದಲ್ಲಿ ತಿಕ್ಕಾಟವಾಗಿತ್ತು. ಹತ್ತು ವರ್ಷ ಕಳೆದರೂ ಪ್ರಶ್ನೆ ಅಲ್ಲೇ ಇದೆ.

ಮಂಡಳಿಯ ಹಿಂಜರಿಕೆಗೆ ಕಾರಣ ನನಗೆ ಗೊತ್ತು. ನಕಲಿ ಬಿಲ್ಲಿನ ಹಾವಳಿ. ಸರಕೇ ಇಲ್ಲದೆ ಬಿಲ್ಲು ಕೊಟ್ಟು ಇನ್‌ಪುಟ್ ಕ್ರೆಡಿಟ್ ನುಂಗುವವರು ಸರ್ಕಾರದ ಬೊಕ್ಕಸಕ್ಕೆ ಮಾಡಿದ ನಷ್ಟ ಸಣ್ಣದಲ್ಲ, ಅವರನ್ನು ಬಿಡಬಾರದು. ಆದರೆ ಆ ಮೋಸಕ್ಕೆ ಜಿಎಸ್‌ಟಿ ಸಂಖ್ಯೆ ಇರಲೇಬೇಕು. ನೋಂದಣಿ ಇಲ್ಲದವರು ತೆರಿಗೆ ಬಿಲ್ಲು ಕೊಡುವಂತಿಲ್ಲ, ಅವರಿಂದ ಕೊಂಡವರಿಗೆ ಕ್ರೆಡಿಟ್ಟೂ ಸಿಗದು. ಊಟದ ಎಲೆಗೆ ಉಪ್ಪಿನಕಾಯಿ ಬೇಕೆಂದು ಕೊಳ್ಳುವವರಿಗೆ ಯಾವ ಕ್ರೆಡಿಟ್ ಬೇಕು? ಮೇಲಾಗಿ ತಾಣದ ಮೂಲಕ ಹೋದ ಮಾರಾಟದ ಪ್ರತಿ ರೂಪಾಯಿಯೂ ಪ್ಯಾನ್ ಸಮೇತ ದಾಖಲಾಗುತ್ತದೆ. ಬಚ್ಚಿಡಲು ಅಲ್ಲಿ ಜಾಗವಿಲ್ಲ. ಕೊಳ್ಳುವ ರಾಜ್ಯಗಳಿಗೆ ತಮ್ಮ ಪಾಲು ತಪ್ಪೀತೆಂಬ ಆತಂಕ ಸಹಜವೇ, ಅದಕ್ಕೂ ದಾರಿ ಇದೆ, ಮುಂದೆ ಹೇಳುತ್ತೇನೆ.

ಬೇರೆ ದೇಶಗಳಲ್ಲಿ ಹೇಗೆ ಮಾಡಿದ್ದಾರೆಂದು ತಮ್ಮ ಅಧಿಕಾರಿಗಳು ನೋಡಿಯೇ ಇರುತ್ತಾರೆ. ಅಮೆರಿಕದ ಸುಪ್ರೀಂ ಕೋರ್ಟ್ 2018ರ ಜೂನ್ 21ರಂದು ವೇಫೇರ್ ಎಂಬ ಆನ್‌ಲೈನ್ ಕಂಪನಿಯ ಪ್ರಕರಣದಲ್ಲಿ, ತಮ್ಮಲ್ಲಿ ಅಂಗಡಿ ಇಲ್ಲದ ಹೊರರಾಜ್ಯದ ಮಾರಾಟಗಾರರಿಂದಲೂ ರಾಜ್ಯಗಳು ಮಾರಾಟ ತೆರಿಗೆ ಕೇಳಬಹುದು ಎಂದಿತು. ಆ ತೀರ್ಪಿಗೆ ಬಲ ಕೊಟ್ಟ ಒಂದು ಅಂಶವೆಂದರೆ ಪ್ರಕರಣದ ಇನ್ನೊಂದು ಕಡೆಯಲ್ಲಿದ್ದ ಸೌತ್ ಡಕೋಟಾ ರಾಜ್ಯದ ಕಾನೂನಿನಲ್ಲಿ ಸಣ್ಣವರಿಗೆ ರಕ್ಷಣೆ ಇದ್ದದ್ದು: ಆ ರಾಜ್ಯಕ್ಕೆ ವರ್ಷಕ್ಕೆ ಒಂದು ಲಕ್ಷ ಡಾಲರಿಗಿಂತ ಹೆಚ್ಚು ಮಾರಿದರೆ, ಇಲ್ಲವೇ 200 ವಹಿವಾಟು ಮುಟ್ಟಿದರೆ ಮಾತ್ರ ತೆರಿಗೆ. ಆಮೇಲೆ ರಾಜ್ಯಗಳು ಒಂದೊಂದಾಗಿ ತೆರಿಗೆ ವಸೂಲಿಯ ಹೊಣೆಯನ್ನು ಮಾರುಕಟ್ಟೆ ತಾಣಗಳಿಗೇ ವಹಿಸಿದವು. ಯುರೋಪಿನಲ್ಲಿ ಇರುವುದು ಬೇರೆ ಬೇರೆ ದೇಶಗಳು, ಬೇರೆ ಬೇರೆ ದರಗಳು. ಅಲ್ಲೂ 2021ರ ಜುಲೈ 1ರಿಂದ, ಗಡಿ ದಾಟಿದ ಮಾರಾಟ ವರ್ಷಕ್ಕೆ 10 ಸಾವಿರ ಯೂರೋ ಮೀರುವವರೆಗೆ ಮಾರಾಟಗಾರ ತನ್ನ ದೇಶದ ನಿಯಮದಂತೆಯೇ ನಡೆಯಬಹುದು. ಮೀರಿದರೆ ತನ್ನ ದೇಶದ ಒಂದೇ ಕಿಟಕಿಯಲ್ಲಿ ಎಲ್ಲ ದೇಶಗಳ ತೆರಿಗೆ ಕಟ್ಟಬಹುದು. ಬೇರೆ ಬೇರೆ ಸರ್ಕಾರಗಳು ಕೂಡಿ ಮಾಡಿದ್ದನ್ನು ಒಂದೇ ದೇಶದ ರಾಜ್ಯಗಳು ಮಾಡಲಾಗದೇ?

ನನ್ನ ಕೋರಿಕೆ ಇಷ್ಟು. ಹೊಸ ಪದ್ಧತಿಯಲ್ಲಿ ಸರಕು ಮಾರುವವರಿಗೂ, ಸೇವೆಯವರಿಗೆ ಕೊಟ್ಟಂತೆ, 20 ಲಕ್ಷದವರೆಗೆ ಹೊರರಾಜ್ಯದ ಬಳಕೆದಾರರಿಗೆ ನೋಂದಣಿ ಇಲ್ಲದೆ ಮಾರುವ ಅವಕಾಶ ಕೊಡಿ. ಈಗಿರುವ ಪ್ಯಾನ್ ದಾಖಲಾತಿ ಸಂಖ್ಯೆಯೇ ಅದಕ್ಕೆ ಸಾಕು, 2023ರ ಅಧಿಸೂಚನೆಯಿಂದ ಅಂತರರಾಜ್ಯದ ನಿಷೇಧವನ್ನು ತೆಗೆದರಾಯಿತು. ತಾಣದಲ್ಲಿ ಮಾರುವವರಿಗಷ್ಟೇ ಅಲ್ಲ, ಅಂಚೆಯಲ್ಲಿ ತಾವೇ ಕಳಿಸುವವರಿಗೂ ಇದು ಸಿಗಬೇಕು. ತಾಣಕ್ಕೆ ಕಮಿಷನ್ ಕೊಡಲಾರದವರೇ ಎಲ್ಲರಿಗಿಂತ ಸಣ್ಣವರು. ಆ ಮಿತಿ ಮೀರಿದವರಿಗೆ ರಾಜಿ ತೆರಿಗೆಯ ಬಾಗಿಲನ್ನು ಹೊರರಾಜ್ಯಕ್ಕೂ ತೆರೆಯಿರಿ. ಶೇ 1ನ್ನು ತಾಣವೇ ಹಿಡಿದು ಕಟ್ಟಲಿ. ಟಿಸಿಎಸ್ ಹಿಡಿಯುವ ವ್ಯವಸ್ಥೆ 2018ರಿಂದ ಇದ್ದೇ ಇದೆ, ಪಾರ್ಸೆಲ್ಲಿನ ಪಿನ್ ಕೋಡ್ ನೋಡಿ ಯಾವ ರಾಜ್ಯಕ್ಕೆ ಎಷ್ಟೆಂದು ಹಂಚುವುದು ಕಂಪ್ಯೂಟರಿಗೆ ಕಷ್ಟವಲ್ಲ. ಕೊಳ್ಳುವ ರಾಜ್ಯಗಳ ಪಾಲಿನ ಆತಂಕಕ್ಕೆ ಇದೇ ಉತ್ತರ. ಗೋದಾಮಿನ ವಿಷಯದಲ್ಲಿ, ತವರು ರಾಜ್ಯದ ಒಂದೇ ನೋಂದಣಿಗೆ ಹೊರರಾಜ್ಯದ ಗೋದಾಮುಗಳನ್ನು ಹೆಚ್ಚುವರಿ ಸ್ಥಳವಾಗಿ ಸೇರಿಸಲು ಬಿಡಿ. ತಪಾಸಣೆ, ನೋಟಿಸ್ ಏನೇ ಇದ್ದರೂ ತವರು ರಾಜ್ಯದ ಅಧಿಕಾರಿಯಿಂದಲೇ, ಮಾರಾಟಗಾರರಿಗೆ ಬರುವ ಭಾಷೆಯಲ್ಲೇ ಬರಲಿ.

ಕರ್ನಾಟಕದ ಸರ್ಕಾರಕ್ಕೆ ಪ್ರತ್ಯೇಕವಾಗಿ ಒಂದು ಮಾತು. 56ನೇ ಸಭೆಗೆ ನಮ್ಮಿಂದ ಹೋಗಿದ್ದವರು ಕಂದಾಯ ಸಚಿವ ಕೃಷ್ಣ ಬೈರೇಗೌಡರು. ಹಣಕಾಸು ಸಚಿವರು ರಾಜ್ಯಸಭೆಗೆ ಆರಿಸಿಹೋಗಿರುವುದೂ ಕರ್ನಾಟಕದಿಂದಲೇ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಯವರಿಗೆ ನೋಟಿಸ್ ಹೋದಾಗ, ಬೆಂಗಳೂರಿನ ಅಂಗಡಿಗಳ ಮುಂದೆ ಯುಪಿಐ ಇಲ್ಲ, ನಗದು ಮಾತ್ರ ಎಂಬ ಚೀಟಿಗಳು ಕಾಣಿಸಿಕೊಂಡದ್ದನ್ನು ತಾವು ನೋಡಿದ್ದೀರಿ. ನಿಯಮ ತಿಳಿಯದ ಸಣ್ಣವರಿಗೆ ಕಾನೂನು ನೋಟಿಸಿನ ರೂಪದಲ್ಲೇ ಮೊದಲು ಎದುರಾದರೆ ಅವರು ಲೆಕ್ಕದಿಂದ ಆಚೆಗೆ ಸರಿಯುತ್ತಾರೆ. ಹೊರರಾಜ್ಯಕ್ಕೆ ಅಂಚೆಯಲ್ಲಿ ಡಬ್ಬಿ ಕಳಿಸುತ್ತಿರುವ ಎಷ್ಟೋ ಮನೆಗಳಿಗೆ ಸೆಕ್ಷನ್ 24ರ ಹೆಸರೇ ಗೊತ್ತಿಲ್ಲ. ಅವರಿಗೂ ಮುಂದೊಂದು ದಿನ ಹೀಗೇ ಕಾಗದ ಬರುವ ಮೊದಲು ನಿಯಮವನ್ನೇ ಸರಿಪಡಿಸಲು ಮಂಡಳಿಯಲ್ಲಿ ಕರ್ನಾಟಕ ದನಿ ಎತ್ತಲಿ. ಮಂಡಳಿಯ ಮತದಲ್ಲಿ ಮೂರನೇ ಎರಡು ಪಾಲು ರಾಜ್ಯಗಳದ್ದು. ಕೇರಳ, ತಮಿಳುನಾಡು, ಮಹಾರಾಷ್ಟ್ರ, ಗೋವಾ, ಆಂಧ್ರ, ತೆಲಂಗಾಣದ ಸಚಿವರೊಡನೆ ಮೊದಲೇ ಮಾತಾಡಿ. ಅವರ ಊರುಗಳ ಮನೆ ಉದ್ಯಮದವರಿಗೂ ಬೆಂಗಳೂರೇ ದೊಡ್ಡ ಗಿರಾಕಿ, ಅವರಿಗೂ ಇದೇ ಗಡಿ ಅಡ್ಡ ಬರುತ್ತಿದೆ.

ಕೊನೆಯದಾಗಿ, ಹೊಸ ಪದ್ಧತಿಯ ಕರಡನ್ನು ಅಧಿಸೂಚನೆಗೆ ಮೊದಲು ಪ್ರಕಟಿಸಿ, ಕನ್ನಡವೂ ಸೇರಿ ಎಲ್ಲ ರಾಜ್ಯಗಳ ಭಾಷೆಗಳಲ್ಲಿ ಒಂದು ತಿಂಗಳ ಮಟ್ಟಿಗಾದರೂ ಜನರ ಮುಂದಿಡಿ. ಅಪ್ಪೆಮಿಡಿ ಹಾಕುವವರು, ಗೊಂಬೆ ಕಡೆಯುವವರು, ಇಳಕಲ್ ಸೀರೆ ನೇಯುವವರು ತಮ್ಮ ಅಡಚಣೆಗಳನ್ನು ತಾವೇ ಬರೆದು ತಿಳಿಸುವಂತಾಗಲಿ. ಅವರು ಬರೆಯಲು ನೆರವು ಬೇಕಿದ್ದರೆ ನಮ್ಮಂಥ ಸಲಹೆಗಾರರು ಪ್ರತಿ ತಾಲ್ಲೂಕಿನಲ್ಲೂ ಇದ್ದೇವೆ. ಆ ಕೆಲಸಕ್ಕೆ ನಾನಂತೂ ಶುಲ್ಕ ಪಡೆಯುವುದಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ತೆರಿಗೆ ಸಲಹೆಗಾರ
ಶಿರಸಿ, ಉತ್ತರ ಕನ್ನಡ ಜಿಲ್ಲೆ